ಮುರುಕು ಹಲ್ಲಿನ ಸಿಳ್ಳೆ

ವಾರ್ಟೆನ
16 ಜನವರಿ 1985

ಪ್ರೀತಿಯ ಡೌವೆ ಚಿಕ್ಕಪ್ಪ,

ನಿನಗೆ ಫೋನ್ ಮಾಡಿ ಪ್ರಯೋಜನವಿಲ್ಲ. "ಹಾಂ? ಯಾರು? ಹಾಂ?" ಎಂದು ಕೂಗಿ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಇಲ್ಲಿ ಕಾಲುವೆ ಕಲ್ಲಾಗಿದೆ. ದೋಣಿಗಳೇ ಇಲ್ಲದ ಮೇಲೆ ಸೇತುವೆ ಎತ್ತುವುದೆಲ್ಲಿ ಬಂತು? ದೋಣಿಯವರು ಸುಂಕದ ಕಾಸು ಹಾಕಲೆಂದು ನಾನು ಕೆಳಗಿಳಿಸುವ ಮರದ ಜೋಡು ಗಾಳದ ಕೋಲಿನ ತುದಿಯಲ್ಲಿ ಸುಮ್ಮನೆ ನೇತಾಡುತ್ತಿದೆ. ಸೇತುವೆ ಕಾಯುವವಳಾಗಿ ನನಗೆ ಕೆಲಸವಿಲ್ಲ, ಬಾತು ಸಾಕುವವಳಾಗಿ ಬಿಡುವಿಲ್ಲ. ಬೆಳಗಾದರೆ ಕೊಡಲಿ ಹಿಡಿದು ಕೊಳದ ಮಂಜುಗಡ್ಡೆ ಒಡೆಯುತ್ತೇನೆ. ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿರುತ್ತದೆ. ನಮ್ಮ ಮುದಿ ಬಾತು ಅಜ್ಜಿ ಆ ಚಿಕ್ಕ ಕಿಂಡಿಯಲ್ಲಿ ಕೂತು, ಕಣ್ಣಿನ ಸುತ್ತಲಿನ ಗರಿಗಳ ಕನ್ನಡಕದಿಂದ ನನ್ನನ್ನು ದುರುಗುಟ್ಟಿ ನೋಡುತ್ತಾಳೆ. ಓದುತ್ತಿದ್ದ ಪೇಪರನ್ನು ಕಸಿದುಕೊಂಡವರನ್ನು ಮುದುಕಿಯರು ನೋಡುತ್ತಾರಲ್ಲ, ಹಾಗೆ.

ಅವಳ ಗಂಡು ಕಳೆದ ಶರತ್ಕಾಲದಲ್ಲಿ ಶ್ವಾಸಕೋಶಕ್ಕೆ ಬೂಷ್ಟು ಹಿಡಿದು ಸತ್ತದ್ದು ನಿನಗೆ ಗೊತ್ತು. ಸಮುದ್ರದ ಬಾತನ್ನು ಸಿಹಿನೀರಿನಲ್ಲಿ ಸಾಕುವ ನಮ್ಮ ಹುಚ್ಚಿಗೆ ಅವು ತೆರುವ ಬೆಲೆ ಅದು. ಅಪ್ಪ ಪರದೇಶದಿಂದ ತರಿಸಿದ ಮೊಟ್ಟೆಗಳಲ್ಲಿ ಬದುಕಿ ಉಳಿದವಳು ಇವಳೊಬ್ಬಳೇ. ಈ ನೆಲದಲ್ಲಿ ಇಟ್ಟ ಮೊಟ್ಟೆಯಿಂದ ಕನ್ನಡಕದ ಬಾತಿನ ಮರಿ ಹೊರಬರುವುದನ್ನು ನೋಡಬೇಕೆಂದು ಅಪ್ಪ ಆಸೆಪಟ್ಟ. ನೋಡದೆಯೇ ಹೋದ. ಅಜ್ಜಿಗೂ ವಯಸ್ಸಾಯಿತು. ಇನ್ನೊಂದು ವಸಂತ, ಹೆಚ್ಚೆಂದರೆ ಎರಡು.

ಸಮುದ್ರದ ಕಟ್ಟೆಯ ಹಿಂದಿನ ನಿನ್ನ ಕೊಳಕ್ಕೆ ಉಪ್ಪುನೀರು ಒಸರುತ್ತದೆ, ಎಂದೂ ಗಡ್ಡೆಗಟ್ಟುವುದಿಲ್ಲ. ಇಂಗ್ಲೆಂಡಿನಿಂದ ತಂದ ನಿನ್ನ ಗಂಡೂ ಒಂಟಿಯಾಗಿದೆ. ಅಜ್ಜಿಯನ್ನು ನಿನಗೆ ಪಾಲಿಗೆ ಕೊಡುತ್ತೇನೆ. ನಮ್ಮವರ ಪದ್ಧತಿಯಂತೆಯೇ ಆಗಲಿ. ಮರಿಗಳಲ್ಲಿ ಅರ್ಧ ನಿನಗೆ, ಅರ್ಧ ನನಗೆ. ದೇಶದಲ್ಲಿ ಮೊದಲ ಸಲ ಮರಿ ಮಾಡಿಸಿದವರಿಗೆಂದು ನಮ್ಮ ಹಕ್ಕಿ ಸಾಕುವವರ ಸಂಘ ಇಟ್ಟಿರುವ ಹಿತ್ತಾಳೆ ಫಲಕದ ಮೇಲೆ ಹೆಸರು ಮಾತ್ರ ತಾಯಿಹಕ್ಕಿಯ ಒಡೆಯರದು. ಅಲ್ಲಿ ಅಪ್ಪನ ಹೆಸರು ಬರೆಸಬೇಕು ಎಂದಿದ್ದೇನೆ. ವೀಬೆ, ಸೇತುವೆ ಕಾಯುವವನು. ಅಷ್ಟೇ.

ಮೊಟ್ಟೆಯೊಳಗಿಂದ ಮರಿ ಕುಟ್ಟಲು ಶುರುಮಾಡಿದಾಗ ಏನು ಮಾಡಬೇಕೆಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಅಪ್ಪನ ಸಿಳ್ಳೆ. ಎರಡು ಗಿಡ್ಡ, ಒಂದು ಉದ್ದ, ಕೊನೆಯಲ್ಲಿ ಮುರುಕು ಹಲ್ಲಿನ ಸಂದಿಯಿಂದ ಗಾಳಿ ಸೋರುವ ಆ ಬಾಲ. ಮೊಟ್ಟೆಯಲ್ಲಿ ಕೇಳಿದ್ದನ್ನು ಹಕ್ಕಿ ಸಾಯುವ ತನಕ ಮರೆಯುವುದಿಲ್ಲ ಎನ್ನುತ್ತಿದ್ದ. ಅಜ್ಜಿ ಇವತ್ತಿಗೂ ಬೇರೆ ಯಾವ ಕರೆಗೂ ಬರುವುದಿಲ್ಲ. ಆ ಬಾಲ ಸಮೇತ ಸಿಳ್ಳೆ ಹಾಕಲು ಬರುವವರು ಈ ಭೂಮಿಯ ಮೇಲೆ ನಾವಿಬ್ಬರೇ.

ನೀನು ಅಪ್ಪನ ಒಡಹುಟ್ಟಿದವನಲ್ಲ. ಆದರೂ ಹುಟ್ಟಿದಾಗಿನಿಂದ ಚಿಕ್ಕಪ್ಪ ಎಂದೇ ಕರೆದವಳು ನಾನು. ಇನ್ನೊಬ್ಬರ ಕೈಗಾದರೆ ಅಜ್ಜಿಯನ್ನು ಕೊಡುತ್ತಿರಲಿಲ್ಲ. ಟ್ರಿನ್ಚೆ ಚಿಕ್ಕಮ್ಮನಿಗೆ ಹೇಳು, ನಾನು ಬಂದಾಗ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚದೆ ಎರಡನೆಯದನ್ನೂ ಕೊಡಲಿ.

ನಿನ್ನ ಮಗಳು,
ರೆನ್ಸ್ಕೆ


ಹೊಲ್ಲುಮ್, ಆಮ್ಲಾಂಡ್ ದ್ವೀಪ
2 ಫೆಬ್ರವರಿ 1985

ಮಗಳೇ ರೆನ್ಸ್ಕೆ,

ಮಹಾರಾಣಿ ಬಂದಿಳಿದರು. ದೋಣಿಯವನು ಬುಟ್ಟಿಯನ್ನು ಇಂಜಿನ್ನಿನ ಪಕ್ಕ ಬೆಚ್ಚಗೆ ಇಟ್ಟಿದ್ದನಂತೆ. ಅವನಿಗೆ ಚೆನ್ನಾಗಿ ಬೈದೆ. "ಲೇ, ಇದು ಹಿಮದ ಸಮುದ್ರದ ಹಕ್ಕಿ ಕಣೋ, ನಿಮ್ಮತ್ತೆ ಅಲ್ಲ ಬೆಚ್ಚಗೆ ಕೂರ್ಸೋಕೆ" ಎಂದೆ. "ನಮ್ಮತ್ತೆ ಆಗಿದ್ರೆ ಹೊರಗೇ ಕೂರಿಸ್ತಿದ್ದೆ ಬಿಡು" ಎಂದ.

ಅಜ್ಜಿ ನೀರಿಗಿಳಿದವಳೇ ಮುಳುಗು ಹಾಕಿದಳು. ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಕೊಳದ ಆಚೆ ಬದಿಯಲ್ಲಿ ಎದ್ದಳು, ಬಾಯಲ್ಲಿ ಚಿಪ್ಪುಮೀನು. ಚಿಪ್ಪಿನ ಸಮೇತ ನುಂಗಿದಳು. ನನ್ನ ಗಂಡು ಇಂಗ್ಲಿಷ್ ದೊರೆಯ ಹಾಗೆ ಕತ್ತು ಹಿಂದಕ್ಕೆ ಎಸೆದು ಎಸೆದು ನಮಸ್ಕಾರ ಮಾಡಿದ. ಇವಳು ಬೆನ್ನು ತೋರಿಸಿದಳು. ನಿನ್ನ ಚಿಕ್ಕಮ್ಮ ನನಗೆ ಮಾಡಿದ್ದೂ ಅದನ್ನೇ. ಆದರೂ ಮದುವೆ ಆಯಿತಲ್ಲ. ನೋಡೋಣ.

ಸಿಳ್ಳೆಯ ಅಭ್ಯಾಸ ಶುರುವಾಗಿದೆ. ಒಂದು ತೊಡಕು. ಹಲ್ಲಿನ ಸೆಟ್ಟು ಹಾಕಿಕೊಂಡರೆ ನಿನ್ನಪ್ಪನ ಬಾಲ ಬರುವುದಿಲ್ಲ. ಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರೆ ಮಾತ್ರ ಸರಿಯಾಗಿ ಸೋರುತ್ತದೆ. ನೆನ್ನೆ ಅಡುಗೆಮನೆಯಲ್ಲಿ ಹಾಕಿದೆ. ಟ್ರಿನ್ಚೆ ಸೌಟು ಕೆಳಗಿಟ್ಟು, "ಅಯ್ಯೋ, ವೀಬೆಣ್ಣ ಬಾಗಿಲ ಹತ್ರ ನಿಂತಂಗಾಯ್ತು ಕಣ್ರೀ" ಎಂದು ಕಣ್ಣು ಒರೆಸಿಕೊಂಡಳು. ಆಮೇಲೆ ನನಗೆ ಊಟ ಸೇರಲಿಲ್ಲ.

ನಿಶ್ಚಿಂತೆಯಾಗಿರು. ಅಜ್ಜಿ ತವರಿಗೆ ಬಂದ ಹಾಗೆ ಎಂದುಕೋ.

ನಿನ್ನ ಚಿಕ್ಕಪ್ಪ,
ಡೌವೆ


ವಾರ್ಟೆನ
24 ಫೆಬ್ರವರಿ 1985

ಪ್ರೀತಿಯ ಚಿಕ್ಕಪ್ಪ,

ಇಪ್ಪತ್ತೆರಡು ವರ್ಷಗಳ ಮೇಲೆ ಮಂಜುಗಡ್ಡೆಯ ಮೇಲೆ ಹನ್ನೊಂದು ಊರು ಸುತ್ತುವ ಸ್ಕೇಟಿಂಗ್ ಓಟ ನಡೆಯಿತಲ್ಲ, ನಮ್ಮೂರಲ್ಲಿ ಆ ದಿನ ನೆಲದ ಮೇಲೆ ನಡೆದವರೇ ಇಲ್ಲ. ಚಿಕ್ಕವರಿಂದ ಪಾದ್ರಿಯವರೆಗೆ ಎಲ್ಲರೂ ಕಾಲುವೆಯ ಮೇಲೆ ಜಾರುವವರೇ. ನಾನು ದಪ್ಪ ಬಟಾಣಿ ಸಾರು ಮಾಡಿ ಓಟಗಾರರಿಗೆ ಬಡಿಸಲು ಹೋಗಿದ್ದೆ. ಒಬ್ಬನ ಮೀಸೆ ಹೆಪ್ಪುಗಟ್ಟಿ ಬಾಯಿಯೇ ತೆರೆಯಲಾಗದೆ, ಸಾರಿನ ಹಬೆಯಲ್ಲಿ ಮುಖವಿಟ್ಟು ಕರಗಿಸಿಕೊಂಡು ಆಮೇಲೆ ಕುಡಿದ.

ಎಲ್ಲ ಸರಿ. ಮನೆಗೆ ಬಂದು ರೂಢಿಯ ಮೇಲೆ ಕೊಡಲಿ ತೆಗೆದುಕೊಂಡು ಕೊಳದ ಬಳಿ ಹೋದೆ. ಯಾರಿಗೆ ಒಡೆಯಲಿ? ಅಜ್ಜಿ ಇಲ್ಲದ ಕೊಳ ಬಿಕೋ ಎನ್ನುತ್ತದೆ.

ಗಂಡಿನೊಂದಿಗೆ ಕೂಡಿಕೊಂಡಳೋ ಇಲ್ಲವೋ ಬೇಗ ತಿಳಿಸು.

ನಿನ್ನ,
ರೆನ್ಸ್ಕೆ


ಹೊಲ್ಲುಮ್
26 ಮೇ 1985

ಮಗಳೇ,

ಐದು! ಬೂದುಹಸಿರು ಬಣ್ಣದ ಐದು ಮೊಟ್ಟೆ. ಮರಳುಹುಲ್ಲಿನ ಮರೆಯಲ್ಲಿ, ತನ್ನ ಎದೆಯ ತುಪ್ಪಳ ಕಿತ್ತು ಹಾಸಿ, ಅದರ ಮೇಲೆ ಇಟ್ಟಿದ್ದಾಳೆ. ಈ ವಯಸ್ಸಿನಲ್ಲಿ ಅವಳನ್ನೇ ಕಾವಿಗೆ ಬಿಡುವುದು ಬೇಡವೆಂದು ನಮ್ಮ ಗಿಡ್ಡ ಕೋಳಿಯನ್ನು ಕೂರಿಸಿದ್ದೇನೆ. ಅದು ಬಾಗಿಲ ಗುಬುಟು ಕೊಟ್ಟರೂ ಕಾವು ಕೂರುವಂಥ ಕೋಳಿ.

ವೀಬೆ ಇರಬೇಕಿತ್ತು. ಜೂನ್ ನಡುವಿಗೆ ಕಾಗದ ನಿರೀಕ್ಷಿಸು. ಹಲ್ಲು ಜೇಬಿನಲ್ಲಿಟ್ಟುಕೊಂಡು ಸಿದ್ಧನಾಗಿದ್ದೇನೆ.

ನಿನ್ನ ಚಿಕ್ಕಪ್ಪ,
ಡೌವೆ


ಹೊಲ್ಲುಮ್
27 ಜೂನ್ 1985

ರೆನ್ಸ್ಕೆ,

ಮೊಟ್ಟೆಗಳು ಕೂಡಿಬರಲಿಲ್ಲ. ಐದೂ ಗೊಡ್ಡು. ದೀಪದ ಮುಂದೆ ಹಿಡಿದು ನೋಡಿದೆ, ಒಳಗೆ ಏನೂ ಇರಲಿಲ್ಲ. ಗಂಡಿನ ದೋಷವಿರಬೇಕು.

ಅಜ್ಜಿ ಚೆನ್ನಾಗಿದ್ದಾಳೆ. ಈಗ ಗರಿ ಉದುರುವ ಕಾಲ, ಸಾಗಿಸುವುದು ಬೇಡ. ಇಲ್ಲೇ ಇರಲಿ.

ಡೌವೆ


ವಾರ್ಟೆನ
1 ಜುಲೈ 1985

ಪ್ರೀತಿಯ ಚಿಕ್ಕಪ್ಪ,

ನಿನ್ನ ಕಾಗದ ಓದಿ ಹೆಚ್ಚು ಅತ್ತದ್ದು ನಿನಗಾಗಿ. ಒಂದು ತಮಾಷೆಯಿಲ್ಲ, ಹಲ್ಲಿನ ಸುದ್ದಿಯಿಲ್ಲ, ಚಿಕ್ಕಮ್ಮನ ಸುದ್ದಿಯಿಲ್ಲ. ಎಷ್ಟು ನೊಂದಿದ್ದೀಯೋ ಎಂದು ಅದರಲ್ಲೇ ಗೊತ್ತಾಯಿತು. ನೀನು ಮಾಡಬೇಕಾದದ್ದೆಲ್ಲ ಮಾಡಿದೆ. ಗೊಡ್ಡು ಮೊಟ್ಟೆಗೆ ಯಾರು ತಾನೆ ಏನು ಮಾಡಲಾಗುತ್ತದೆ? ಅಪ್ಪ ಇದ್ದಿದ್ದರೆ, "ಹೋಗ್ಲಿ ಬಿಡೋ ಡೌವೆ, ಬಾತು ನಮ್ಮ ಮಾತು ಕೇಳಿ ಮೊಟ್ಟೆ ಇಡುತ್ತಾ?" ಎನ್ನುತ್ತಿದ್ದ.

ಸಕ್ಕರೆ ಬ್ರೆಡ್ಡು ಸುತ್ತಿ ಕಳಿಸಿದ್ದೇನೆ. ನಿನಗೆ ಇಷ್ಟವಾಗುವ ಹಾಗೆ ದಾಲ್ಚಿನ್ನಿ ಜಾಸ್ತಿ ಹಾಕಿದೆ. ತಿನ್ನು, ಬೇಸರ ಮಾಡಿಕೊಳ್ಳಬೇಡ. ಮುಂದಿನ ವಸಂತಕ್ಕೆ ಇನ್ನೊಂದು ಗಂಡು ಹುಡುಕೋಣ. ಅಜ್ಜಿ ಗಟ್ಟಿಗಿತ್ತಿ, ಇನ್ನೊಂದು ಸಲ ಇಡುತ್ತಾಳೆ.

ನಿನ್ನ ಮಗಳು,
ರೆನ್ಸ್ಕೆ


ಹೊಲ್ಲುಮ್
2 ಸೆಪ್ಟೆಂಬರ್ 1985

ರೆನ್ಸ್ಕೆ,

ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ಅಜ್ಜಿ ಹೋದಳು. ಅದೇ ಬೂಷ್ಟಿನ ರೋಗ. ಬಾಯಿ ತೆರೆದು ಉಸಿರೆಳೆಯುತ್ತಿದ್ದಳು, ಮರುದಿನ ಕೊಳದ ದಂಡೆಯಲ್ಲಿ ಬಿದ್ದಿದ್ದಳು. ಹಿತ್ತಲ ಗಿಡದ ಬುಡದಲ್ಲಿ ಹೂತೆ.

ರೂಢಿಯ ಪ್ರಕಾರ ಒಡೆಯರ ಗುರುತಿನ ಅವಳ ಕಾಲಿನ ಉಂಗುರ ಈ ಲಕೋಟೆಯಲ್ಲಿದೆ.

ನನ್ನನ್ನು ಕ್ಷಮಿಸು.

ಡೌವೆ


ವಾರ್ಟೆನ
9 ಸೆಪ್ಟೆಂಬರ್ 1985

ಪ್ರೀತಿಯ ಚಿಕ್ಕಪ್ಪ,

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇನ್ನೇನು ಹೇಳಲಿ? ಅಪ್ಪ ಹೋದಾಗ ಜನ ಬಂದರು, ಬ್ರೆಡ್ಡು ತಂದರು, ಹಾಡಿದರು. ಬಾತು ಸತ್ತರೆ ಯಾರು ಬರುತ್ತಾರೆ? ಪಕ್ಕದ ಮನೆಯವಳು, "ಹೋಗ್ಲಿ ಬಿಡೇ, ಇನ್ನೊಂದು ತಂದ್ರಾಯ್ತು" ಎಂದಳು. ಅವಳಿಗೆ ಏನೆಂದು ತಿಳಿಸಲಿ? ಅಪ್ಪನ ಸಿಳ್ಳೆಗೆ ತಲೆಯೆತ್ತುತ್ತಿದ್ದ ಕಟ್ಟಕಡೆಯ ಜೀವ ಅದು.

ಉಂಗುರ ತಲುಪಿತು. ಅಪ್ಪ ಅವಳಿಗೆ ಅದನ್ನು ತೊಡಿಸಿದಾಗ ಅವಳಿನ್ನೂ ಅಂಗೈಯಗಲದ ಮರಿ. ಬೆಸುಗೆಯಿಲ್ಲದ ಬಳೆ, ಕಾಲು ಬಲಿತ ಮೇಲೆ ತೆಗೆಯಲಾಗದು. ನಾವೆಲ್ಲ ಸತ್ತ ಹಕ್ಕಿಯ ಕಾಲನ್ನು ಕತ್ತರಿಸಿ ಉಂಗುರವನ್ನು ಇಡಿಯಾಗಿ ಜಾರಿಸಿ ಕಳಿಸುವವರು. ನೀನು ಉಂಗುರವನ್ನೇ ಕತ್ತರಿಸಿದ್ದೀಯ, ಅಂಚನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿದ್ದೀಯ. ಸತ್ತ ಮೇಲೂ ಅಜ್ಜಿಯ ಕಾಲಿಗೆ ಕತ್ತರಿ ಹಾಕಲು ನಿನಗೆ ಮನಸ್ಸು ಬರಲಿಲ್ಲ. ನಿನ್ನ ಕರುಳು ನನಗೆ ಗೊತ್ತು. ಉಂಗುರವನ್ನು ಈಗ ಅಪ್ಪನ ಟೋಪಿ ನೇತುಹಾಕುವ ಮೊಳೆಗೆ ಸಿಕ್ಕಿಸಿದ್ದೇನೆ.

ಸಂಘದವರು ಬಸ್ಸು ಮಾಡಿಕೊಂಡು ಗಡಿಯಾಚೆಯ ಗೆಂಟ್ ಊರಿನ ಹತ್ತಿರ ಒಡಿಲೋನ್ ಎಂಬ ದೊಡ್ಡ ಸಾಹುಕಾರರ ಹಕ್ಕಿಗಳನ್ನು ನೋಡಲು ಹೋಗುತ್ತಿದ್ದಾರೆ. ಮನಸ್ಸು ಹಗುರವಾಗಲಿ ಎಂದು ನಾನೂ ಹೊರಟಿದ್ದೇನೆ. ನಿನ್ನ ಮಂಡಿನೋವು ಕಡಿಮೆಯಿದ್ದರೆ ನೀನೂ ಬಾ.

ನಿನ್ನ ಮಗಳು,
ರೆನ್ಸ್ಕೆ


ವಾರ್ಟೆನ
23 ಸೆಪ್ಟೆಂಬರ್ 1985

ಡೌವೆ ಅವರಿಗೆ,

ನೀವು ಬಸ್ಸಿಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಈಗ ಗೊತ್ತು. ಅಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸುಳ್ಳು ಹೇಳುವವರಿಗೆ ನಿಜವನ್ನು ಪೂರ್ತಿ ಕೇಳುವ ಶಿಕ್ಷೆಯಾದರೂ ಇರಲಿ.

ಒಡಿಲೋನ್ ಒಳ್ಳೆಯ ಮನುಷ್ಯ. ಬೀರು ಕೊಟ್ಟರು, ಹಸಿರುಸೊಪ್ಪಿನ ಸಾರಿನಲ್ಲಿ ಬೇಯಿಸಿದ ಹಾವುಮೀನು ಕೊಟ್ಟರು. ಉಳಿದವರೆಲ್ಲ ಇನ್ನೂ ತಟ್ಟೆ ನೆಕ್ಕುತ್ತಿರುವಾಗ ನನ್ನೊಬ್ಬಳನ್ನು ಹಿಂದಿನ ಕೊಳಕ್ಕೆ ಕರೆದುಕೊಂಡು ಹೋದರು. "ನಿಮ್ಮಪ್ಪನ ಹೆಸರು ಕೇಳಿದೀನಿ ಅಮ್ಮ. ಇದನ್ನ ನೀವು ನೋಡ್ಲೇಬೇಕು" ಎಂದರು.

ದೂರದ ದಂಡೆಯಲ್ಲಿ ನಾಲ್ಕು ಎಳೆಯ ಬಾತು. ಕಂದುಬಣ್ಣ. ಆದರೆ ಕಣ್ಣಿನ ಸುತ್ತ ಮಸುಕಾಗಿ ಕನ್ನಡಕ ಮೂಡಿದೆ. ನನಗೆ ಅಜ್ಜಿಯನ್ನೇ ಕಂಡ ಹಾಗಾಯಿತು, ಕಣ್ಣು ತುಂಬಿತು.

"ಇವು ಎಲ್ಲಿಂದ ಬಂದ್ವು?" ಎಂದು ಕೇಳಿದೆ.

"ನಿಮ್ಮ ದೇಶದಲ್ಲೇ ಹುಟ್ಟಿದ್ದು! ಮೊದಲ್ನೇ ಸಲ! ಯಾರ ಹತ್ರ ಅಂತ ಮಾತ್ರ ಕೇಳ್ಬೇಡಿ. ಡಿಸೆಂಬರ್ ಸಭೇಲಿ ಫಲಕದ ಮೇಲೆ ಹೆಸ್ರು ಬರ್ಸೋವರ್ಗೂ ಬಾಯಿಗೆ ಬೀಗ ಅಂತ ಮಾತು ಕೊಟ್ಟಿದೀನಿ. ಆದ್ರೆ ನೋಡಿ, ಇವಕ್ಕೆ ಎಷ್ಟು ಕೊಬ್ಬು ಅಂದ್ರೆ, ಬಂದಾಗಿಂದ ನಾನೇ ಮೀನು ಹಾಕ್ತಿದೀನಿ, ನನ್ನ ಮುಖ ಸಹ ನೋಡಲ್ಲ."

ನಾನು ಏನನ್ನೂ ಯೋಚಿಸಿರಲಿಲ್ಲ. ದೇವರಾಣೆ, ಯಾವ ಅನುಮಾನವೂ ಇರಲಿಲ್ಲ. ಕನ್ನಡಕದ ಮುಖ ಕಂಡರೆ ನನ್ನ ತುಟಿ ತಾನಾಗಿಯೇ ಸಿಳ್ಳೆಗೆ ಸಿದ್ಧವಾಗುತ್ತದೆ, ಅಷ್ಟೇ. ಎರಡು ಗಿಡ್ಡ, ಒಂದು ಉದ್ದ, ಆ ಬಾಲ.

ನಾಲ್ಕೂ ಕತ್ತೆತ್ತಿದವು. ನೀರು ಸೀಳಿಕೊಂಡು, ಒಂದನ್ನೊಂದು ತಳ್ಳಿಕೊಂಡು ನೇರವಾಗಿ ನನ್ನ ಕಾಲ ಬುಡಕ್ಕೆ ಬಂದು ನಿಂತವು.

ಒಡಿಲೋನ್ ಚಪ್ಪಾಳೆ ತಟ್ಟಿ ನಕ್ಕರು. "ಅರೆ! ಆ ಮುದುಕ ಬಿಟ್ಹೋಗೋಕೆ ಬಂದಾಗ ಥೇಟ್ ಹಿಂಗೇ ಕರೆದಿದ್ದು! ಹಲ್ಲಿನ ಸೆಟ್ಟು ಕಿತ್ತು, ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಕೊಂಡು..." ಅಲ್ಲಿಗೆ ನನ್ನ ಮುಖ ನೋಡಿ ನಿಲ್ಲಿಸಿದರು. "ಏನಾಯ್ತಮ್ಮ? ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಕೈ ಹಿಡಿದರು.

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಮಾತನ್ನು ಅದೆಷ್ಟು ಸಲ ಆಡಿದ್ದೇನೋ, ಅದರ ಅರ್ಥ ಮೊನ್ನೆ ಗೊತ್ತಾಯಿತು. ಐದೂ ಗೊಡ್ಡು ಎಂದಿರಿ. ನಾನು ನಿಮ್ಮನ್ನೇ ಸಮಾಧಾನ ಮಾಡಿದೆ. ನೀವು ಸಕ್ಕರೆ ಬ್ರೆಡ್ಡು ತಿಂದಿರಿ. ಆಗ ನಿಮ್ಮ ಹಿತ್ತಲಿನಲ್ಲಿ ಅಪ್ಪ ಜೀವಮಾನವೆಲ್ಲ ನೋಡಬೇಕೆಂದಿದ್ದ ಮರಿಗಳು ಓಡಾಡುತ್ತಿದ್ದವು.

ಬಸ್ಸಿನಲ್ಲಿ ಹಿಂತಿರುಗುವಾಗ ಇನ್ನೊಂದು ವಿಷಯ ಹೊಳೆಯಿತು. ಸತ್ತ ಹಕ್ಕಿಯ ಉಂಗುರವನ್ನು ಯಾರೂ ಕತ್ತರಿಸುವುದಿಲ್ಲ, ಕತ್ತರಿಸುವ ಅಗತ್ಯವೇ ಇಲ್ಲ. ಕಾಲು ಬೇಕಾಗಿರುವ ಹಕ್ಕಿಗೆ ಮಾತ್ರ ಉಂಗುರ ಕತ್ತರಿಸಬೇಕು. ನಾನು ಅದನ್ನು ನಿಮ್ಮ ಕರುಳು ಎಂದುಕೊಂಡಿದ್ದೆ. ಉಂಗುರವಿಲ್ಲದ ಹಕ್ಕಿ ಯಾರದೂ ಅಲ್ಲ. ಅದು ನನ್ನದಲ್ಲವಾದರೆ ಫಲಕದ ಹೆಸರೂ ಅಪ್ಪನದಲ್ಲ. ಲೆಕ್ಕ ಚೆನ್ನಾಗಿದೆ.

ಒಂದೇ ಪ್ರಶ್ನೆ. ಅಜ್ಜಿ ಬದುಕಿದ್ದಾಳೋ?

ರೆನ್ಸ್ಕೆ


ವಾರ್ಟೆನ
14 ಅಕ್ಟೋಬರ್ 1985

ಡೌವೆ ಅವರಿಗೆ,

ಉತ್ತರ ಬಂದಿಲ್ಲ. ಹೌದು ಅಥವಾ ಇಲ್ಲ, ಒಂದು ಮಾತು ಬರೆಯಲು ಹಲ್ಲಿನ ಸೆಟ್ಟು ಬೇಕಾಗಿಲ್ಲ.

ರೆನ್ಸ್ಕೆ, ವೀಬೆಯ ಮಗಳು


ಹೊಲ್ಲುಮ್
3 ನವೆಂಬರ್ 1985

ರೆನ್ಸ್ಕೆ,

ಬದುಕಿದ್ದಾಳೆ.

ನೀನು ನನಗೆ 'ನೀವು' ಎಂದು ಬರೆದಿದ್ದೀಯ. ತೊಟ್ಟಿಲಲ್ಲಿ ಮಲಗಿ ನನ್ನ ಮೂಗು ಹಿಡಿದವಳು ನೀನು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾರೆ.

ಮೊದಲ ಮರಿ ಹೊರಬಂದ ದಿನ ನಿನಗೆ ಬರೆಯಲೆಂದೇ ಕೂತೆ. 'ಮಗಳೇ, ಮರಿಯಾಯಿತು' ಎಂದು ಬರೆದೂ ಆಗಿತ್ತು. ಆಗ ಫಲಕ ನೆನಪಾಯಿತು. ವೀಬೆ. ಮತ್ತೆ ವೀಬೆ. ಸತ್ತ ಮೇಲೂ ವೀಬೆ. ನಿನ್ನಪ್ಪನ ಹಕ್ಕಿಗಳಿಗೆ ಚಳಿಗಾಲದುದ್ದಕ್ಕೂ ಚಿಪ್ಪುಮೀನು ಹೊತ್ತವನು ಯಾರು? ಆ ಪರದೇಶದ ಮೊಟ್ಟೆ ತಂದುಕೊಟ್ಟ ಹಡಗಿನವನನ್ನು ಹುಡುಕಿದವನು ಯಾರು? ಸಭೆಯಲ್ಲಿ ಎಲ್ಲರೂ "ವೀಬೆಯ ಜೊತೆಗಾರ" ಎಂದು ನನ್ನ ಬೆನ್ನು ತಟ್ಟುತ್ತಿದ್ದರು. ನನ್ನ ಹೆಸರು ಕೇಳುತ್ತಿರಲಿಲ್ಲ. ಒಂದು ಸಲ, ಸಾಯುವ ಮೊದಲು ಒಂದೇ ಒಂದು ಸಲ, ನನ್ನ ಹೆಸರು ಹಿತ್ತಾಳೆಯಲ್ಲಿ ನೋಡಬೇಕು ಎನಿಸಿತು. ಮರಿಗಳನ್ನು ದೂರ ಕಳಿಸಿಬಿಟ್ಟರೆ ನಿನ್ನ ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡೆ. ಒಂದು ಸುಳ್ಳಿಗೆ ಇನ್ನೊಂದು ಬೇಕಾಯಿತು. ಅಜ್ಜಿಯನ್ನು ಬದುಕಿರುವಾಗಲೇ ಸಾಯಿಸಿದೆ.

ಬೇರೆ ಯಾವುದಾದರೂ ಸದ್ದು ಮಾಡಿ ಮರಿ ಮಾಡಿಸಬಹುದಿತ್ತು. ಧೈರ್ಯ ಬರಲಿಲ್ಲ. ಆ ಸಿಳ್ಳೆ ಇಲ್ಲದೆ ಅವು ಮೊಟ್ಟೆ ಒಡೆಯುವುದಿಲ್ಲವೇನೋ ಎಂಬ ಭಯ. ಕಳ್ಳನಾದರೂ ವೀಬೆಯ ಶಿಷ್ಯನಲ್ಲವೇ.

ಈಗ ಕೇಳು. ಡಿಸೆಂಬರಿನಲ್ಲಿ ಸಭೆ. ನೀನು ಎದ್ದು ನಿಂತು ಮಾತಾಡಿದರೆ ನನ್ನ ಮುಖಕ್ಕೆ ಮಸಿ. ಹೊಟ್ಟೆಗೆ ಹಾಕಿಕೋ. ಹೆಸರೊಂದು ನನಗಿರಲಿ, ಹಕ್ಕಿ ನಿನಗಿರಲಿ. ಸಭೆ ಮುಗಿಯಲಿ, ಜನವರಿಯಲ್ಲಿ ಅಜ್ಜಿಯನ್ನು ನಾನೇ ತಂದು ಬಿಡುತ್ತೇನೆ.

ಡೌವೆ


ಹೊಲ್ಲುಮ್
11 ನವೆಂಬರ್ 1985

ರೆನ್ಸ್ಕೆ ಕಂದಾ,

ಇವರು ಕ್ಷೌರಕ್ಕೆ ಹೋಗಿದ್ದಾರೆ. ಅಜ್ಜಿಯನ್ನು ಬುಟ್ಟಿಯಲ್ಲಿಟ್ಟು ಬೆಳಗಿನ ದೋಣಿಗೆ ಹಾಕುತ್ತೇನೆ. ಹೊರಗಡೆ, ತಣ್ಣಗೆ ಇಡಲು ಹೇಳುತ್ತೇನೆ. ಈ ಕಾಗದ ಬುಟ್ಟಿಯಲ್ಲೇ ಇರುತ್ತದೆ.

ನಿನ್ನ ಕಾಗದಗಳನ್ನು ಓದಿದೆ, ಇವರು ನಿನಗೆ ಬರೆದದ್ದನ್ನೂ ಬಾಯಿ ಬಿಡಿಸಿದೆ. ಅಜ್ಜಿ ಹಿತ್ತಲಿನಲ್ಲಿ ಈಜುತ್ತಿದ್ದಾಳೆ, ನಾನು ದಿನಾ ನೋಡುತ್ತಿದ್ದೇನೆ, ಅವಳು ಸತ್ತಳೆಂದು ನಿನಗೆ ಬರೆದದ್ದು ನನಗೆ ಗೊತ್ತಿರಲಿಲ್ಲ. ಮರಿಗಳನ್ನು ಸಾಗಿಸಿದಾಗ "ರೆನ್ಸ್ಕೆ ಒಪ್ಪಿದಾಳೆ" ಎಂದಿದ್ದರು. ನಾನೂ ನಂಬಿದ್ದೆ, ನಿನ್ನ ಹಾಗೆ.

"ಅವಳ ಹಕ್ಕೀನ ಅವಳಿಗೇ ಕೊಡೋಕೆ ಚೌಕಾಸಿ ಮಾಡ್ತೀರಲ್ರೀ, ನಾಚ್ಕೆ ಆಗಲ್ವಾ?" ಎಂದು ಕೇಳಿದೆ. ನೀನು ಸಭೆಯಲ್ಲಿ ಮಾತಾಡುವುದಾದರೆ ಮಾತಾಡು. ನನ್ನ ಮುಖ ನೋಡಿ ಸುಮ್ಮನಿರಬೇಡ.

ಬಿಸ್ಕತ್ತಿನ ಡಬ್ಬಿಯನ್ನೂ ಬುಟ್ಟಿಯ ಜೊತೆ ಕಟ್ಟಿದ್ದೇನೆ. ಪೂರ್ತಿ ನಿನಗೇ.

ಟ್ರಿನ್ಚೆ ಚಿಕ್ಕಮ್ಮ


ಹೊಲ್ಲುಮ್
20 ಮೇ 1986

ರೆನ್ಸ್ಕೆ,

ಸಭೆಯಲ್ಲಿ ನೀನು ಕೊನೆಯ ಸಾಲಿನಲ್ಲಿ ಕೂತಿದ್ದೆ. ನನ್ನ ಹೆಸರು ಕರೆದಾಗ ನೀನು ಏಳುತ್ತೀಯ ಎಂದು ಕಾದೆ. ಏಳಲಿಲ್ಲ. ಫಲಕದ ಮೇಲೆ ಹೆಸರು ಬಂತು. ಅದನ್ನು ನೋಡಲು ಮತ್ತೆ ನಾನು ಹೋಗಿಲ್ಲ.

ಒಡಿಲೋನ್ ವಸಂತದಲ್ಲಿ ಎರಡು ಮರಿಗಳನ್ನು ನಿನಗೆ ತಂದುಕೊಟ್ಟರಂತೆ. ಒಳ್ಳೆಯದಾಯಿತು. ಈಗ ಅವುಗಳ ಕನ್ನಡಕ ಇನ್ನೂ ಸ್ಪಷ್ಟವಾಗಿರಬೇಕು. ನಾನು ಒಮ್ಮೆ ಬಂದು ನೋಡಲೇ? ಸೇತುವೆಯ ಮೇಲೆ ನಿಂತು ನೋಡಿ ಹೋಗುತ್ತೇನೆ. ಒಳಗೆ ಬರುವುದಿಲ್ಲ, ಕಾಫಿ ಬೇಡ.

ಡೌವೆ


ವಾರ್ಟೆನ
2 ಜೂನ್ 1986

ಡೌವೆ ಅವರಿಗೆ,

ಸಭೆಯಲ್ಲಿ ನಾನು ಸುಮ್ಮನಿದ್ದದ್ದು ನಿಮ್ಮ ಮೇಲಿನ ಕನಿಕರದಿಂದಲ್ಲ, ಚಿಕ್ಕಮ್ಮನಿಗಾಗಿಯೂ ಅಲ್ಲ. ಎದ್ದು ನಿಂತರೆ ಸಾಕ್ಷಿ ಎಲ್ಲಿ ಎಂದು ಕೇಳುತ್ತಿದ್ದರು. ನನ್ನ ಬಳಿ ಇರುವ ಸಾಕ್ಷಿ ಒಂದು ಸಿಳ್ಳೆ; ನಿಮ್ಮ ಕಾಗದವನ್ನು ಓದಿ ತೋರಿಸಿದ್ದರೂ ಆ ಸಿಳ್ಳೆಯ ಕಥೆಯನ್ನೇ ಹೇಳಬೇಕಾಗುತ್ತಿತ್ತು. ಚುಟ್ಟಾ ಹೊಗೆ ತುಂಬಿದ ಆ ಹಾಲಿನಲ್ಲಿ, ಅಷ್ಟು ಜನರ ನಡುವೆ, ಅಪ್ಪನ ಸಿಳ್ಳೆಯನ್ನು ನ್ಯಾಯಕ್ಕೆ ನಿಲ್ಲಿಸುವ ಮನಸ್ಸಾಗಲಿಲ್ಲ. ಹಿತ್ತಾಳೆ ನಿಮಗೇ ಇರಲಿ.

ಅಜ್ಜಿ ಈ ಸಲವೂ ಮೊಟ್ಟೆಯಿಟ್ಟಳು, ಮೂರು. ಗಂಡಿಲ್ಲದೆ ಇಟ್ಟ ಮೊಟ್ಟೆ. ಗೊತ್ತಿದ್ದೂ ದೀಪದ ಮುಂದೆ ಹಿಡಿದು ನೋಡಿದೆ. ಒಳಗೆ ಏನೂ ಇರಲಿಲ್ಲ. ನೀವು ಬರೆದ ಆ ಸಾಲೇ ನೆನಪಾಯಿತು. ಅದು ಅವಳ ಕೊನೆಯ ಕಾವು ಎಂದು ಕಾಣುತ್ತದೆ. ಈಗ ಬಿಸಿಲಿಗೆ ಬೆನ್ನು ಕೊಟ್ಟು ಕೂತೇ ಇರುತ್ತಾಳೆ.

ಎಳೆಯವು ಎರಡೂ ಹೆಣ್ಣು. ಆರೋಗ್ಯವಾಗಿವೆ. ಬಂದ ದಿನ ಸಿಳ್ಳೆ ಹಾಕಿದೆ. ನೀರು ಸೀಳಿಕೊಂಡು ಬಂದವು. ಕಾಲ ಬುಡದಲ್ಲಿ ನಿಂತು ನನ್ನ ಮುಖ ನೋಡಿದವು. ಆಮೇಲೆ ನನ್ನ ಹಿಂದೆ, ದಾರಿಯ ಕಡೆ ನೋಡಿದವು. ದಿನಾ ಹೀಗೇ ಮಾಡುತ್ತವೆ. ಮೊದಲು ನನಗೆ ಅರ್ಥವಾಗಲಿಲ್ಲ. ಮೊಟ್ಟೆಯೊಳಗೆ ಅವು ಕೇಳಿದ್ದು ಅಪ್ಪನದೂ ಅಲ್ಲ, ನನ್ನದೂ ಅಲ್ಲ, ನಿಮ್ಮ ಬೊಚ್ಚುಬಾಯಿಯ ಸಿಳ್ಳೆ. ನಾನು ಎಷ್ಟು ಚೆನ್ನಾಗಿ ಹಾಕಿದರೂ ಅವು ಹುಡುಕುವುದು ನಿಮ್ಮನ್ನೇ.

ಸಿಳ್ಳೆ ಬಿಟ್ಟುಬಿಡೋಣ, ಸ್ಟೀಲಿನ ಬೋಗುಣಿ ಬಡಿದು ಕರೆಯೋಣ ಎಂದು ಒಂದು ವಾರ ನೋಡಿದೆ. ಎಳೆಯವು ಕಲಿಯತೊಡಗಿದವು. ಅಜ್ಜಿ ಬರಲಿಲ್ಲ. ಹುಲ್ಲಿನ ಮರೆಯಲ್ಲಿ ಹಸಿದುಕೊಂಡು ಕೂತಳು. ಅವಳಿಗಾಗಿ ಮತ್ತೆ ಸಿಳ್ಳೆಯನ್ನೇ ಹಾಕುತ್ತಿದ್ದೇನೆ. ಅಪ್ಪ ನನಗೆ ಬಿಟ್ಟುಹೋದದ್ದು ಅದೊಂದೇ. ಈಗ ಪ್ರತಿ ಸಲ ತುಟಿ ಮುಂದೆ ಮಾಡಿದಾಗಲೂ ನಿಮ್ಮ ನೆನಪಾಗುತ್ತದೆ.

ನೀವು ಬರಬೇಡಿ. ಸೇತುವೆಯ ಮೇಲೂ ನಿಲ್ಲಬೇಡಿ. ಬಂದರೆ ನಿಮ್ಮ ಕೈ ಸುಮ್ಮನಿರುವುದಿಲ್ಲ, ಜೇಬಿನಿಂದ ಕರವಸ್ತ್ರ ತೆಗೆಯುತ್ತೀರಿ. ಒಂದು ಸಲ ಸಿಳ್ಳೆ ಹಾಕಿದರೆ ಸಾಕು, ಎಳೆಯವೆರಡೂ ನಿಮ್ಮ ಹತ್ತಿರಕ್ಕೆ ಈಜುತ್ತವೆ. ಅಜ್ಜಿಯೂ ಹೋಗುತ್ತಾಳೆ. ನಾನು ಕೈಯಲ್ಲಿ ಮೀನು ಹಿಡಿದುಕೊಂಡು ಈಚೆ ದಂಡೆಯಲ್ಲಿ ನಿಂತು ಅದನ್ನು ನೋಡಬೇಕಾಗುತ್ತದೆ.

ರೆನ್ಸ್ಕೆ, ವೀಬೆಯ ಮಗಳು